ಹೆಸರು ಬಾರ್ಬಡೋಸಿನದು, ಹಣ ಯಾರದು?

ಉತ್ಪಾದನೆ ಏರಿತೇ? ಹಾಗಾದರೆ ನಾಡು ಏಳಿಗೆ ಹೊಂದಿತು. ರಫ್ತು ಹೆಚ್ಚಿತೇ? ಹಾಗಾದರೆ ಜನ ಉದ್ಧಾರವಾದರು. ಇದು ನಮ್ಮ ಅರ್ಥಶಾಸ್ತ್ರ ಪಂಡಿತರ ನಿತ್ಯಮಂತ್ರ. ಅಂಕಿಗಳ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು, ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಂಗಳಾರತಿ ಎತ್ತುವುದು, ಕೆಳಕ್ಕೆ ಇಳಿಯುತ್ತಿದ್ದರೆ ಕೆಲಸಗಾರ ಸೋಮಾರಿಯೆಂದು ಬಯ್ಯುವುದು, ಇಷ್ಟೇ ಅವರ ಶಾಸ್ತ್ರ. ಹೆಚ್ಚು ಬಟ್ಟೆ ನೆಯ್ದ ವರ್ಷವೇ ಬೋನಸ್ಸಿಗೆ ಕತ್ತರಿ ಬಿದ್ದದ್ದನ್ನು ಕಂಡ ಗಿರಣಿ ಕಾರ್ಮಿಕರಿಗೆ ಈ ಮಂತ್ರದ ಮಹಿಮೆ ಗೊತ್ತು. ವ್ಯಾಪಾರ ಹೆಚ್ಚಿದರೂ ಲಾಭವೆಲ್ಲ ಸಗಟು ಸಾಹುಕಾರನ ಪೆಟ್ಟಿಗೆ ಸೇರಿದ್ದನ್ನು ಕಂಡ ಚಿಲ್ಲರೆ ಅಂಗಡಿಯವರಿಗೂ ಗೊತ್ತು.

ಈ ಮಂತ್ರವನ್ನು ಒರೆಗೆ ಹಚ್ಚಲು ಒಂದು ದ್ವೀಪದ ಕಥೆಯನ್ನು ಹೇಳುತ್ತೇವೆ. ಆ ದ್ವೀಪದ ಹೆಸರು ಬಾರ್ಬಡೋಸ್. ನಮ್ಮವರಿಗೆ ಅದು ಕ್ರಿಕೆಟ್ಟಿನಿಂದ ಪರಿಚಿತ. ವೊರೆಲ್, ವೀಕ್ಸ್, ವಾಲ್ಕಾಟ್ ಹುಟ್ಟಿದ ನೆಲ ಅದು. ಸೋಬರ್ಸ್ ಹುಟ್ಟಿದ ನೆಲ ಅದು. 1962ರಲ್ಲಿ ನಮ್ಮ ನಾರಿ ಕಂಟ್ರಾಕ್ಟರರ ತಲೆಗೆ ಚೆಂಡು ಬಡಿದದ್ದೂ ಅಲ್ಲಿಯೇ. ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರು, ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಜನಸಂಖ್ಯೆ ಮೂರು ಲಕ್ಷ ಮುಟ್ಟುವುದಿಲ್ಲ. ಆದರೆ ರಮ್ ಎಂಬ ಮದ್ಯ ಜಗತ್ತಿಗೆ ಹೊರಟದ್ದು ಮುಖ್ಯವಾಗಿ ಈ ಪುಟ್ಟ ದ್ವೀಪದಿಂದ. ಮುನ್ನೂರ ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ಮದ್ಯ ಇಳಿಸುತ್ತಲೇ ಇದ್ದಾರೆ. ಇಷ್ಟು ದೀರ್ಘಕಾಲದ ಲೆಕ್ಕ ಸಿಗುವ ಉದ್ಯಮಗಳು ಲೋಕದಲ್ಲಿ ಹೆಚ್ಚಿಲ್ಲ. ಆ ಲೆಕ್ಕ ಏನು ಹೇಳುತ್ತದೆ? ಎಷ್ಟು ಗ್ಯಾಲನ್ ಇಳಿಯಿತೆಂಬುದು ದೊಡ್ಡ ಸಂಗತಿಯಲ್ಲ; ಕಾಕಂಬಿ ಯಾರದು, ಭಟ್ಟಿ ಯಾರದು, ಸೀಸೆಯ ಮೇಲಿನ ಹೆಸರು ಯಾರದು ಎಂಬುದೇ ಸಂಗತಿ ಎಂದು ಹೇಳುತ್ತದೆ.

ಗೆಣಸಿನ ಹುಳಿಯಿಂದ ಗುಲಾಮರ ಭಟ್ಟಿಗೆ

1627ರಲ್ಲಿ ಇಂಗ್ಲಿಷರು ಈ ದ್ವೀಪದಲ್ಲಿ ನೆಲೆಯೂರಿದರು. ಮೊದಮೊದಲು ಅಲ್ಲಿ ಕುಡಿಯುತ್ತಿದ್ದ ಪಾನೀಯಗಳು ಗೆಣಸನ್ನು ಹುಳಿ ಹಿಡಿಸಿದ ‘ಮಾಬಿ’, ಮರಗೆಣಸಿನ ‘ಪೆರಿನೊ’. ಇವು ಆ ಸಮುದ್ರದ ಮೂಲನಿವಾಸಿಗಳಿಂದ ಕಲಿತ ವಿದ್ಯೆ. ಮಡಕೆಯಿದ್ದವರೆಲ್ಲ ಮಾಡಿಕೊಳ್ಳಬಹುದಾದ ಪದಾರ್ಥ. ಅದಕ್ಕೆ ಧಣಿಯಿಲ್ಲ, ಮುದ್ರೆಯಿಲ್ಲ, ಕಂಪನಿಯಿಲ್ಲ.

1640ರ ದಶಕದಲ್ಲಿ ಕಬ್ಬು ಬಂತು. ಕಬ್ಬಿನೊಡನೆ ತೋಟದ ಧಣಿ ಬಂದ; ಧಣಿಯೊಡನೆ ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಜನರ ಹಡಗುಗಳು ಬಂದವು. ರಸವನ್ನು ಕೊಪ್ಪರಿಗೆಯಲ್ಲಿ ಕುದಿಸಿ ಸಕ್ಕರೆ ಹರಳು ಕಟ್ಟಿದ ಮೇಲೆ ಉಳಿಯುವ ಕಪ್ಪು ಅಂಟಿಗೆ ಕಾಕಂಬಿ ಎನ್ನುತ್ತೇವೆ. ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಹಾದುಹೋದವರಿಗೆಲ್ಲ ಅದರ ವಾಸನೆ ಗೊತ್ತು. ಮೊದಲು ಅದು ಕಸ. ಆ ಕಸಕ್ಕೆ ನೀರು ಬೆರೆಸಿ, ಹುಳಿ ಹಿಡಿಸಿ, ಭಟ್ಟಿ ಇಳಿಸಿದರೆ ಬೆಂಕಿಯಂಥ ದ್ರವ ಬರುತ್ತದೆಂದು ಕಂಡುಕೊಂಡರು. 1647ರಲ್ಲಿ ದ್ವೀಪಕ್ಕೆ ಬಂದ ರಿಚರ್ಡ್ ಲಿಗನ್ ಎಂಬ ಇಂಗ್ಲಿಷನು ಇದನ್ನು ಕಣ್ಣಾರೆ ಕಂಡು, ಅಲ್ಲಿಯವರು ಇದಕ್ಕೆ ‘ಕಿಲ್ ಡೆವಿಲ್’, ಅಂದರೆ ಸೈತಾನನನ್ನೂ ಕೊಲ್ಲುವ ನೀರು ಎನ್ನುತ್ತಾರೆಂದು ಬರೆದಿಟ್ಟ. ಅವನ ಪುಸ್ತಕ 1657ರಲ್ಲಿ ಅಚ್ಚಾಯಿತು.

ಆ ನೀರು ಸೈತಾನನನ್ನು ಕೊಂದಿತೋ ಇಲ್ಲವೋ ತಿಳಿಯದು. ಮನುಷ್ಯರನ್ನಂತೂ ಕೊಂದಿತು. ಸುಗ್ಗಿಯ ಕಾಲದಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ನಿದ್ದೆಗೆಟ್ಟವನ ಕೈ ಉರುಳೆಗಳ ನಡುವೆ ಸಿಕ್ಕಿದರೆ ತಕ್ಷಣ ಕಡಿದುಹಾಕಲೆಂದು ಪಕ್ಕದಲ್ಲಿ ಕೊಡಲಿಯನ್ನು ಸಿದ್ಧವಾಗಿ ಇಟ್ಟುಕೊಳ್ಳುವ ರೂಢಿ ವೆಸ್ಟ್ ಇಂಡೀಸಿನ ತೋಟಗಳಲ್ಲಿ ಇತ್ತು. ಯಂತ್ರದ ಮುಂದೆ ನಿಂತು ದುಡಿಯುವ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಣ ನಿಲ್ಲಬಾರದು, ಕೈ ಹೋದರೆ ಹೋಗಲಿ!

ಇಳಿಸಿದ ಮದ್ಯ ಎಲ್ಲಿಗೆ ಹೋಯಿತು? ಒಂದು ಪಾಲು ಗುಲಾಮರಿಗೇ ದಕ್ಕಿತು: ಮಳೆಯಲ್ಲಿ ನೆನೆದವನಿಗೆ, ಜ್ವರ ಬಂದವನಿಗೆ, ಹಬ್ಬದ ದಿನ ಎಲ್ಲರಿಗೂ. ಊಟಕ್ಕೆ ಬದಲು ಗುಟುಕು, ಕೂಲಿಗೆ ಬದಲು ಗುಟುಕು. ಇನ್ನೊಂದು ಪಾಲು ಹಡಗು ಹತ್ತಿ ಆಫ್ರಿಕಾದ ಕರಾವಳಿಗೆ ಹೋಗಿ, ಮತ್ತಷ್ಟು ಮನುಷ್ಯರನ್ನು ಕೊಳ್ಳುವ ಸರಕಾಯಿತು. ಗುಲಾಮ ಬೆಳೆದ ಕಬ್ಬು, ಗುಲಾಮ ಇಳಿಸಿದ ಮದ್ಯ, ಆ ಮದ್ಯಕ್ಕೆ ಕೊಂಡ ಹೊಸ ಗುಲಾಮ! ಇಂಥ ಚಕ್ರಬಡ್ಡಿಯನ್ನು ನಮ್ಮ ಊರಿನ ಬಡ್ಡಿ ಸಾಹುಕಾರನೂ ಕನಸಿನಲ್ಲಿ ಕಂಡಿರಲಾರ. ಮತ್ತೊಂದು ಪಾಲಿಗೆ ಬ್ರಿಟಿಷ್ ನೌಕಾಪಡೆ ಗಿರಾಕಿಯಾಯಿತು. 1731ರ ನಿಯಮದಂತೆ ನಾವಿಕನಿಗೆ ದಿನಕ್ಕೆ ಅರ್ಧ ಪೈಂಟ್ ರಮ್ ಸಲ್ಲಬೇಕಿತ್ತು. ವೆಸ್ಟ್ ಇಂಡೀಸಿನ ರಮ್ಮಿಗೆ ಅದೊಂದು ಕಾಯಂ ಗಿರಾಕಿ. 1970ರ ಜುಲೈ 31ರಂದಷ್ಟೇ ಈ ಪದ್ಧತಿ ನಿಂತಿತು. ಸಾಮ್ರಾಜ್ಯದ ಹಡಗು ತೇಲಿದ್ದು ಕೇವಲ ಗಾಳಿಯಿಂದಲ್ಲ.

ಇಂದು ಮೌಂಟ್ ಗೇ ಎಂಬ ರಮ್ಮಿನ ಸೀಸೆಯ ಮೇಲೆ 1703 ಎಂಬ ಇಸವಿಯನ್ನು ಹೆಮ್ಮೆಯಿಂದ ಮುದ್ರಿಸುತ್ತಾರೆ. ಭಟ್ಟಿಯ ಪಾತ್ರೆಗಳ ಉಲ್ಲೇಖವಿರುವ ಆ ವರ್ಷದ ದಸ್ತಾವೇಜು ಅದಕ್ಕೆ ಆಧಾರವಂತೆ. ಒಳ್ಳೆಯದು. ಪಾತ್ರೆಗಳ ಲೆಕ್ಕ ಉಳಿದಿದೆ. ಆ ಪಾತ್ರೆಗಳ ಕೆಳಗೆ ಬೆಂಕಿ ಹಾಕಿದ ಕೈಗಳ ಹೆಸರು ಯಾವ ಸೀಸೆಯ ಮೇಲಿದೆ?

ಬಿಡುಗಡೆಯ ಬೆಲೆ ಪಡೆದವರು

1834ರಲ್ಲಿ ಗುಲಾಮಗಿರಿ ಕಾನೂನಿನ ಮೂಲಕ ರದ್ದಾಯಿತು. ಬಾರ್ಬಡೋಸಿನಲ್ಲಿ ಸುಮಾರು 83 ಸಾವಿರ ಜನ ಬಿಡುಗಡೆಯಾದರೆಂದು ಲೆಕ್ಕ. ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ಪುಕ್ಕಟೆ ದುಡಿಸಿಕೊಂಡು, 1838ರಲ್ಲಿ ನಿಜವಾಗಿ ಬಿಟ್ಟರು. ಆಗ ಪರಿಹಾರ ಕೊಟ್ಟದ್ದು ಯಾರಿಗೆ? ಬೆನ್ನ ಮೇಲೆ ಚಾಟಿಯ ಗೀರು ಹೊತ್ತವರಿಗೆ ಒಂದು ಬಿಡಿಗಾಸೂ ಇಲ್ಲ. ಚಾಟಿ ಹಿಡಿದವರಿಗೆ ಸಾಮ್ರಾಜ್ಯದಾದ್ಯಂತ 2 ಕೋಟಿ ಪೌಂಡ್. ಅದರಲ್ಲಿ ಬಾರ್ಬಡೋಸಿನ ಧಣಿಗಳ ಪಾಲು ಸುಮಾರು 17 ಲಕ್ಷ ಪೌಂಡ್. ಇದಕ್ಕಾಗಿ ಎತ್ತಿದ ಸಾಲವನ್ನು ಬ್ರಿಟಿಷ್ ಖಜಾನೆ ತೀರಿಸಿ ಮುಗಿಸಿದ್ದು 2015ರಲ್ಲಿ. ಅಂದರೆ ಗುಲಾಮರ ಮರಿಮಕ್ಕಳು ಇಂಗ್ಲೆಂಡಿಗೆ ದುಡಿಯಲು ಹೋಗಿ ಕಟ್ಟಿದ ತೆರಿಗೆಯೂ ಧಣಿಗಳ ಪರಿಹಾರದ ಸಾಲಕ್ಕೆ ಸಂದಿತು. ಉಂಡೂ ಹೋದ, ಕೊಂಡೂ ಹೋದ ಎಂದರೆ ಇದೇ.

ನೆಲ ಮಾತ್ರ ಧಣಿಯ ಕೈಯಲ್ಲೇ ಉಳಿಯಿತು. ಬಿಡುಗಡೆಯಾದವನು ತೋಟದ ಅಂಚಿನ ತುಂಡು ಜಾಗದಲ್ಲಿ ಗುಡಿಸಲು ಹಾಕಿಕೊಳ್ಳಬಹುದು. ಆದರೆ ಅದೇ ತೋಟದಲ್ಲಿ ದುಡಿಯಬೇಕು, ಇಲ್ಲವಾದರೆ ಜಾಗ ಖಾಲಿ ಮಾಡಬೇಕು. ಆದ್ದರಿಂದ ಜನ ಕಲ್ಲಿನ ರಾಶಿಯ ಮೇಲೆ ಮರದ ಮನೆ ಕೂರಿಸಿದರು. ಧಣಿ ಹೊರಗೆ ಹಾಕಿದ ದಿನ ಹಲಗೆ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋಗುವ ಮನೆಗಳು ಅವು. ಇಂದು ಪ್ರವಾಸಿಗರು ಆ ಮನೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎಷ್ಟು ಸೊಗಸಾದ ಪುಟ್ಟ ಮನೆ ಎನ್ನುತ್ತಾರೆ. ಅದರ ಕಾಲು ಏಕೆ ನೆಲಕ್ಕೆ ಅಂಟಿಕೊಂಡಿಲ್ಲವೆಂದು ಕೇಳುವವರು ಎಷ್ಟು ಮಂದಿ?

ಅಂಗಡಿ ಬಡವನದು, ಸೀಸೆ ಸಾಹುಕಾರನದು

ಈಗ ಅಂಗಡಿಯ ವಿಷಯಕ್ಕೆ ಬರೋಣ. ಬಾರ್ಬಡೋಸಿನ ಹಳ್ಳಿ ಹಳ್ಳಿಯಲ್ಲೂ ‘ರಮ್ ಶಾಪ್’ ಎಂಬ ಸಣ್ಣ ಅಂಗಡಿಯುಂಟು. ಹೆಸರು ಕೇಳಿ ಬರೀ ಹೆಂಡದಂಗಡಿ ಎಂದು ತಿಳಿಯಬಾರದು. ಒಂದು ಕಡೆ ಅಕ್ಕಿ, ಉಪ್ಪುಮೀನು, ಸೀಮೆಎಣ್ಣೆ. ಇನ್ನೊಂದು ಕಡೆ ರಮ್ಮು. ಉದ್ರಿ ಕೊಡುವ ಜಾಗವೂ ಅದೇ, ಸಂಬಳ ಬಂದ ದಿನ ಲೆಕ್ಕ ತೀರಿಸುವ ಜಾಗವೂ ಅದೇ, ರಾಜಕೀಯ ಮಾತಾಡುವ ಜಾಗವೂ ಅದೇ. ಬಿಡುಗಡೆಯಾದವರ ಮಕ್ಕಳು ಮೊದಲ ಬಾರಿಗೆ ತಮ್ಮದೆಂದು ಹೇಳಿಕೊಳ್ಳಬಹುದಾದ ವ್ಯಾಪಾರಗಳಲ್ಲಿ ಇದೂ ಒಂದು. 1904ರಿಂದ 1914ರವರೆಗೆ ಪನಾಮಾ ಕಾಲುವೆ ಅಗೆಯಲು ಸುಮಾರು 20 ಸಾವಿರ ಬಾರ್ಬಡೋಸಿಗರು ಕರಾರಿನ ಮೇಲೆ ಹೋದರು. ಅನೇಕರು ಅಲ್ಲಿನ ಮಣ್ಣಿನಲ್ಲೇ ಮಣ್ಣಾದರು. ಉಳಿದು ಬಂದವರ ‘ಪನಾಮಾ ಹಣ’ದಿಂದ ತುಂಡು ನೆಲ ಕೊಂಡವರುಂಟು, ಅಂಗಡಿ ತೆರೆದವರುಂಟು.

ಆದರೆ ಅಂಗಡಿಯವನ ಮೇಲೆ ಯಾರು? ರಾಜಧಾನಿ ಬ್ರಿಡ್ಜ್‌ಟೌನಿನ ಬ್ರಾಡ್ ಸ್ಟ್ರೀಟಿನ ವರ್ತಕ ಮನೆತನಗಳು. 1893ರಲ್ಲಿ ಸಮುದ್ರ ದಂಡೆಯಲ್ಲಿ ಹೊಸ ಮಾದರಿಯ ಎತ್ತರದ ಸ್ತಂಭದ ಭಟ್ಟಿಯೊಂದು ಎದ್ದಿತು; ಅದೇ ಇಂದಿನ ವೆಸ್ಟ್ ಇಂಡೀಸ್ ರಮ್ ಡಿಸ್ಟಿಲರಿ. ತೋಟಕ್ಕೊಂದರಂತೆ ಇದ್ದ ಸಣ್ಣ ಭಟ್ಟಿಗಳು ಒಂದೊಂದಾಗಿ ತಣ್ಣಗಾದವು. 20ನೆಯ ಶತಮಾನದ ಆರಂಭದ ಕಾಯಿದೆ ಭಟ್ಟಿಯವನು ಚಿಲ್ಲರೆ ಮಾರದಂತೆ ಕಟ್ಟುಮಾಡಿತು. ಪೀಪಾಯಿಗಟ್ಟಲೆ ಕೊಂಡು, ಬೆರೆಸಿ, ಸೀಸೆಗೆ ತುಂಬಿ, ಚೀಟಿ ಅಂಟಿಸುವ ಹಕ್ಕು ವರ್ತಕನದಾಯಿತು. ಆ ವರ್ತಕ ಮನೆತನಗಳು ಒಂದರೊಡನೊಂದು ಕೂಡಿಕೊಂಡವು. 1920ರಲ್ಲಿ ಬಾರ್ಬಡೋಸ್ ಷಿಪ್ಪಿಂಗ್ ಅಂಡ್ ಟ್ರೇಡಿಂಗ್ ಎಂಬ ಭಾರೀ ಕೂಟವೇ ಹುಟ್ಟಿತು. ಅಕ್ಕಿ ತರಿಸುವವರೂ ಅವರು, ಸಕ್ಕರೆ ಸಾಗಿಸುವವರೂ ಅವರು. ಸಣ್ಣ ಅಂಗಡಿಯವನ ಎರಡು ಕಪಾಟಿಗೂ ಯಜಮಾನ ಒಬ್ಬನೇ.

ಕಬ್ಬು ಕಡಿಯುವವನ ಕೂಲಿ ಏರಲಿಲ್ಲ, ಅಂಗಡಿಯವನ ಉದ್ರಿ ಇಳಿಯಲಿಲ್ಲ. 1937ರ ಜುಲೈನಲ್ಲಿ ಕಾರ್ಮಿಕರ ಪರ ಮಾತಾಡಿದ ಕ್ಲೆಮೆಂಟ್ ಪೇನ್‌ನನ್ನು ಸರಕಾರ ಗಡೀಪಾರು ಮಾಡಿದಾಗ ಬ್ರಿಡ್ಜ್‌ಟೌನ್ ಸಿಡಿಯಿತು. ಗುಂಡಿಗೆ 14 ಮಂದಿ ಬಲಿಯಾದರು. ಆ ನೆತ್ತರಿನಿಂದ ಸಂಘಟನೆ ಬೆಳೆಯಿತು: 1938ರಲ್ಲಿ ಲೇಬರ್ ಪಕ್ಷ, 1941ರಲ್ಲಿ ಬಾರ್ಬಡೋಸ್ ವರ್ಕರ್ಸ್ ಯೂನಿಯನ್, 1951ರಲ್ಲಿ ವಯಸ್ಕರೆಲ್ಲರ ಮತದಾನದ ಮೊದಲ ಚುನಾವಣೆ, 1966ರ ನವೆಂಬರ್ 30ರಂದು ಎರೊಲ್ ಬ್ಯಾರೋ ನೇತೃತ್ವದಲ್ಲಿ ಸ್ವಾತಂತ್ರ್ಯ. ದಾನವಾಗಿ ಬಂದದ್ದು ಯಾವುದೂ ಇಲ್ಲ.

ಗದ್ದೆ ಬತ್ತಿತು, ಸೀಸೆ ತುಂಬಿತು

ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಸಕ್ಕರೆ ತುತ್ತತುದಿಯಲ್ಲಿತ್ತು. 1950ರ ಮತ್ತು 60ರ ದಶಕದ ಒಳ್ಳೆಯ ಸುಗ್ಗಿಗಳಲ್ಲಿ ಆ ಪುಟ್ಟ ದ್ವೀಪ 2 ಲಕ್ಷ ಟನ್ ಸಕ್ಕರೆ ತೆಗೆದದ್ದುಂಟು. ಈಚಿನ ವರ್ಷಗಳಲ್ಲಿ ಅದು ಹತ್ತು ಸಾವಿರ ಟನ್ನಿನ ಆಸುಪಾಸಿಗೆ ಬಿದ್ದಿದೆ. ಸಾಲುಸಾಲಾಗಿದ್ದ ಕಾರ್ಖಾನೆಗಳಲ್ಲಿ ಪೋರ್ಟ್‌ವೇಲ್ ಎಂಬ ಒಂದೇ ಒಂದು ಉಳಿದಿದೆ.

ಇದೇಕೆ ಹೀಗಾಯಿತು? ಯೂರೋಪು 1975ರ ಲೋಮೆ ಒಪ್ಪಂದದ ಮೂಲಕ ಈ ಹಳೆಯ ವಸಾಹತುಗಳ ಸಕ್ಕರೆಗೆ ಖಾತರಿ ಬೆಲೆ ಕೊಡುತ್ತಿತ್ತು. 2006ರಿಂದ ಆ ಬೆಲೆಯನ್ನು ಹಂತಹಂತವಾಗಿ ಶೇಕಡಾ 36ರಷ್ಟು ಕತ್ತರಿಸಿತು. ಮುನ್ನೂರು ವರ್ಷ ಕಬ್ಬೊಂದನ್ನೇ ಬೆಳೆ ಎಂದು ಬೆನ್ನ ಮೇಲೆ ಕೂತವರೇ, ಒಂದು ದಿನ ಎದ್ದು, ನಿನ್ನ ಕಬ್ಬು ದುಬಾರಿ ಎಂದು ನಡೆದುಬಿಟ್ಟರು. ಇತ್ತ ಹೋಟೆಲು, ಬಂಗಲೆ, ಗಾಲ್ಫ್ ಮೈದಾನಗಳು ಗದ್ದೆಯ ಮೇಲೆ ಕಣ್ಣು ಹಾಕಿದವು. ಸಕ್ಕರೆ ಉದ್ಯಮದ ಸಾಲದ ಹೊರೆ ಸರಕಾರದ ತಲೆಗೆ ಬಂತು.

ಆದರೆ ರಮ್ಮಿನ ಗೆರೆ ಮಾತ್ರ ಕೆಳಗಿಳಿಯಲಿಲ್ಲ! ಇಂದು ದ್ವೀಪದ ರಫ್ತಿನಲ್ಲಿ ರಮ್ಮಿನ ಮುಂದೆ ಸಕ್ಕರೆ ಲೆಕ್ಕಕ್ಕೇ ಇಲ್ಲ. ಪಂಡಿತರಿಗೆ ಇದು ಹಬ್ಬ. ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಕಬ್ಬಿಲ್ಲದೆ ರಮ್ಮು ಎಲ್ಲಿಂದ ಬಂತು? ಕಾಕಂಬಿಯ ಬಹುಪಾಲನ್ನು ಹೊರದೇಶಗಳಿಂದ ಹಡಗಿನಲ್ಲಿ ತರಿಸುತ್ತಾರೆ. ಕಬ್ಬಿನ ಕಸದಿಂದ ಹುಟ್ಟಿದ ಉದ್ಯಮ ಈಗ ಪರದೇಶದ ಕಸ ಕೊಂಡು ನಡೆಯುತ್ತಿದೆ. ಕಡಿಯುವವನ ಕತ್ತಿಗೆ ಕೆಲಸವಿಲ್ಲ. ಭಟ್ಟಿಯೊಳಗಿನ ಆಧುನಿಕ ಸ್ತಂಭಕ್ಕೆ ಬೆರಳೆಣಿಕೆಯ ಆಳು ಸಾಕು. ಸುಗ್ಗಿ ಮುಗಿದ ಸಂತೋಷಕ್ಕೆ ದುಡಿಯುವ ಜನ ಆಚರಿಸುತ್ತಿದ್ದ ‘ಕ್ರಾಪ್ ಓವರ್’ ಹಬ್ಬ ನಿಂತುಹೋಗಿತ್ತು. 1974ರಲ್ಲಿ ಅದನ್ನು ಪ್ರವಾಸಿಗರಿಗಾಗಿ ಮತ್ತೆ ಎಬ್ಬಿಸಿದರು. ಈಗ ಪ್ರತಿ ವರ್ಷ ಜಗಜಗಿಸುವ ಮೆರವಣಿಗೆ. ಸುಗ್ಗಿಯ ಹಬ್ಬ ಉಂಟು, ಸುಗ್ಗಿಯೇ ಇಲ್ಲ!

ಧಣಿ ಹಡಗಿನಲ್ಲಿ ಬರಲಿಲ್ಲ, ಷೇರಿನಲ್ಲಿ ಬಂದ

ಕಾಕಂಬಿ ಹೊರಗಿನದಾಯಿತು. ಭಟ್ಟಿಯಾದರೂ ಮನೆಯದಾಗಿ ಉಳಿಯಿತೇ? ಮೌಂಟ್ ಗೇಯ ಬಹುಪಾಲು 1989ರಲ್ಲಿ ಫ್ರಾನ್ಸಿನ ರೆಮಿ ಮನೆತನದ ಕಂಪನಿಗೆ ಹೋಯಿತು. 1893ರ ಆ ದೊಡ್ಡ ಭಟ್ಟಿ 2017ರಲ್ಲಿ ಫ್ರಾನ್ಸಿನದೇ ಇನ್ನೊಂದು ಕಂಪನಿ ಫೆರಾಂಡಿನ ಪಾಲಾಯಿತು. ಅದೇ ಭಟ್ಟಿಯ ರಮ್ಮು ಬಹುಕಾಲದಿಂದ ತೆಂಗಿನ ರುಚಿಯ ‘ಮಾಲಿಬು’ವಿನ ಮೂಲದ್ರವ, ಮಾಲಿಬುವಿನ ಹೆಸರು 2005ರಿಂದ ಪೆರ್ನೋ ರಿಕಾರ್ ಎಂಬ ಮತ್ತೊಂದು ಫ್ರೆಂಚ್ ಕಂಪನಿಯ ಆಸ್ತಿ. ಬಿಯರಿನ ಕಥೆಯೂ ಅದೇ. 1961ರಲ್ಲಿ ಆರಂಭವಾದ ಬ್ಯಾಂಕ್ಸ್ ಬಿಯರ್ ದ್ವೀಪದ ಜನರೇ ಷೇರು ಕೊಂಡು ನಮ್ಮದು ಎಂದು ಎದೆಯುಬ್ಬಿಸಿದ ಸಂಸ್ಥೆ. 2015ರ ಕೊನೆಗೆ ಅದು ಜಗತ್ತಿನ ಅತಿ ದೊಡ್ಡ ಬಿಯರ್ ಕೂಟದ ಬ್ರೆಜಿಲ್ ಶಾಖೆಯ ಕೈಗೆ ಸೇರಿತು. ಷೇರು ಮಾರಿದ ಸಣ್ಣವನಿಗೆ ಒಂದು ಸಲ ದುಡ್ಡು ಬಂತು. ಕೊಂಡ ದೊಡ್ಡವನಿಗೆ ಪ್ರತಿ ಸಂಜೆ ಪ್ರತಿ ಅಂಗಡಿಯಿಂದ ಬರುತ್ತಿದೆ.

ಭಟ್ಟಿಯಿಂದ ಇಳಿದ ಹೊಸ ರಮ್ಮನ್ನು ಟ್ಯಾಂಕಿನಲ್ಲಿ ತುಂಬಿ ಮಾರಿದರೆ ಅಗ್ಗ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸಿ, ಸೀಸೆಗೆ ತುಂಬಿ, ಹೆಸರು ಹಚ್ಚಿ ಮಾರಿದರೆ ಹಲವು ಪಟ್ಟು ಬೆಲೆ. ಆದ್ದರಿಂದಲೇ ಇಂದಿನ ಜಗಳ ಹೆಸರಿನ ಸುತ್ತ ನಡೆದಿದೆ. ‘ಬಾರ್ಬಡೋಸ್ ರಮ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಬೇಕು, ಮಾಗಿಸುವ ಕೆಲಸ ದ್ವೀಪದಲ್ಲೇ ಆಗಬೇಕು, ಆಮೇಲೆ ಸಕ್ಕರೆ ಬೆರೆಸಬಾರದು ಎಂದು ಫೋರ್‌ಸ್ಕ್ವೇರ್, ಮೌಂಟ್ ಗೇ, ಸೇಂಟ್ ನಿಕೊಲಸ್ ಆಬಿ ಒಂದು ಕಡೆ. ಪೀಪಾಯಿಯನ್ನು ಫ್ರಾನ್ಸಿಗೆ ಒಯ್ದು ಅಲ್ಲಿನ ನೆಲಮಾಳಿಗೆಯಲ್ಲಿ ಮಾಗಿಸುವ ಸ್ವಾತಂತ್ರ್ಯ ಬೇಕೆಂದು ಫೆರಾಂಡ್ ಇನ್ನೊಂದು ಕಡೆ. ಇದು ಮೈಸೂರು ಮಲ್ಲಿಗೆಯನ್ನು ಪ್ಯಾರಿಸಿಗೆ ಒಯ್ದು ಅರಳಿಸಿ, ಮೈಸೂರಿನದೇ ಎಂದು ಮಾರಿದಂತೆ.

ಅದೇ ಫೆರಾಂಡ್ ಕಂಪನಿ ತನ್ನ ರಮ್ಮಿಗೆ ಇಟ್ಟುಕೊಂಡಿದ್ದ ಹೆಸರೇನು ಗೊತ್ತೇ? ‘ಪ್ಲಾಂಟೇಷನ್’! ಕೈ ಕಡಿಯುವ ಕೊಡಲಿ ಇಟ್ಟುಕೊಂಡಿದ್ದ ಆ ತೋಟವೇ ಅವರಿಗೆ ಸೊಗಸಿನ ಹೆಸರು. 2020ರಲ್ಲಿ ಜಗತ್ತಿನ ಬೀದಿಬೀದಿಯಲ್ಲಿ ಕಪ್ಪು ಜನರ ಕೂಗು ಎದ್ದ ಮೇಲೆ ಬದಲಿಸುತ್ತೇವೆಂದರು. 2024ರಲ್ಲಿ ‘ಪ್ಲಾಂಟರೇ’ ಎಂಬ ಹೆಸರು ಬಂತು. ಅಕ್ಷರ ಬದಲಾಯಿತು.

ಬಾರ್ಬಡೋಸಿನ ತೆರಿಗೆ, ಎದುರಾಳಿಯ ಬಂಡವಾಳ

ಇನ್ನೊಂದು ಸಂಗತಿ ಕೇಳಿರಿ. ಸ್ಪರ್ಧೆ, ಮುಕ್ತ ಮಾರುಕಟ್ಟೆ ಎಂದು ಲೋಕಕ್ಕೆಲ್ಲ ಪಾಠ ಹೇಳುವ ಅಮೆರಿಕದಲ್ಲಿ ರಮ್ಮಿನ ಮೇಲೆ ಒಂದು ಪ್ರಮಾಣ ಗ್ಯಾಲನ್ನಿಗೆ 13.50 ಡಾಲರ್ ಅಬಕಾರಿ ತೆರಿಗೆ. ಈ ತೆರಿಗೆಯ ಬಹುಪಾಲನ್ನು ತನ್ನ ಅಧೀನದಲ್ಲಿರುವ ಪೋರ್ಟೊ ರೀಕೊ ಮತ್ತು ವರ್ಜಿನ್ ದ್ವೀಪಗಳ ಖಜಾನೆಗೆ ಅಮೆರಿಕ ಮರಳಿಸುತ್ತದೆ. ಆ ದ್ವೀಪಗಳ ರಮ್ಮಿನ ತೆರಿಗೆ ಮಾತ್ರವಲ್ಲ. 1983ರ ಕಾಯಿದೆಯ ಪ್ರಕಾರ, ಯಾವ ದೇಶದಿಂದ ಬಂದ ರಮ್ಮೇ ಆಗಲಿ, ಅದರ ತೆರಿಗೆಯೂ ಅಲ್ಲಿಗೇ ಹೋಗುತ್ತದೆ. ಅಂದರೆ ನ್ಯೂಯಾರ್ಕಿನಲ್ಲಿ ಮಾರಾಟವಾದ ಬಾರ್ಬಡೋಸ್ ರಮ್ಮಿನ ತೆರಿಗೆ ಬಾರ್ಬಡೋಸಿನ ಎದುರಾಳಿಗಳ ಖಜಾನೆಗೆ!

ಆ ಹಣ ಅಲ್ಲಿನ ಶಾಲೆಗೆ, ಆಸ್ಪತ್ರೆಗೆ ಹೋಗಿದ್ದರೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. 2008ರಲ್ಲಿ ಲಂಡನ್ನಿನ ಡಿಯಾಜಿಯೊ ಕಂಪನಿ ವರ್ಜಿನ್ ದ್ವೀಪಗಳ ಸರಕಾರದೊಡನೆ 30 ವರ್ಷದ ಒಪ್ಪಂದ ಮಾಡಿಕೊಂಡಿತು. ‘ಕ್ಯಾಪ್ಟನ್ ಮಾರ್ಗನ್’ ರಮ್ಮಿಗಾಗಿ ಸೇಂಟ್ ಕ್ರಾಯ್ ದ್ವೀಪದಲ್ಲಿ ಸಾರ್ವಜನಿಕ ಸಾಲಪತ್ರಗಳ ಹಣದಿಂದ ಭಟ್ಟಿ ಎದ್ದಿತು. ಮರಳಿ ಬರುವ ತೆರಿಗೆಯ ದೊಡ್ಡ ಪಾಲು ಕಂಪನಿಯ ಸಹಾಯಕ್ಕೇ ಮೀಸಲು, ಕಾಕಂಬಿಯ ಬೆಲೆಗೂ ಸಬ್ಸಿಡಿ. ಬಾರ್ಬಡೋಸ್ ಮೊದಲಾದ ಕೆರಿಬಿಯನ್ ದೇಶಗಳು 2012ರಲ್ಲಿ ಇದು ಅನ್ಯಾಯವೆಂದು ಬಹಿರಂಗವಾಗಿ ದೂರಿದವು. ದೊಡ್ಡವರ ಕಿವಿಗೆ ಅದು ಸೊಳ್ಳೆಯ ಸದ್ದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಇದೆಲ್ಲ ಏಳು ಸಮುದ್ರದಾಚೆಯ ಮಾತೆಂದು ಓದುಗರು ತಿಳಿಯಬಾರದು. ಅದೇ ಡಿಯಾಜಿಯೊ 2013 ಮತ್ತು 14ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಒಡೆತನವನ್ನೂ ಕೈಗೆ ತೆಗೆದುಕೊಂಡಿತು. ನಮ್ಮ ಊರಿನ ಮೂಲೆಯಂಗಡಿಯ ಕಪಾಟಿನಲ್ಲಿ ಕುಳಿತ ಎಷ್ಟೋ ಸೀಸೆಗಳ ಧಣಿಯೂ, ಸೇಂಟ್ ಕ್ರಾಯ್‌ನ ಭಟ್ಟಿಯ ಧಣಿಯೂ ಒಬ್ಬನೇ.

ಎರಡು ಆಕ್ಷೇಪಣೆಗಳು

ಇಲ್ಲಿ ಇಬ್ಬರು ಎದ್ದು ನಿಲ್ಲುತ್ತಾರೆಂದು ನಮಗೆ ಗೊತ್ತು. ಮೊದಲನೆಯವರು ಬಂಡವಾಳದ ವಕೀಲರು. ‘ಪರದೇಶದವರು ಹಣ ತಂದರು, ಹಳೆಯ ಯಂತ್ರ ರಿಪೇರಿ ಮಾಡಿಸಿದರು, ದೂರದ ಪೇಟೆ ತೆರೆದರು, ಅವರಿಲ್ಲದಿದ್ದರೆ ಭಟ್ಟಿಯೇ ಮುಚ್ಚುತ್ತಿತ್ತು’ ಎನ್ನುತ್ತಾರೆ. ಯಂತ್ರ ರಿಪೇರಿಯಾದದ್ದು ನಿಜ. ಮೌಂಟ್ ಗೇ ಸ್ವಂತ ಕಬ್ಬಿನ ಗದ್ದೆಯನ್ನೂ ಕೊಂಡಿದೆ, ಹೆಸರಿನ ಜಗಳದಲ್ಲಿ ದ್ವೀಪದ ಪಕ್ಷದಲ್ಲೇ ನಿಂತಿದೆ; ಅದನ್ನೂ ಒಪ್ಪುತ್ತೇವೆ. ಆದರೆ ಪರದೇಶದವರಿಲ್ಲದೆ ಆಗದೆಂಬುದು ಸುಳ್ಳು. ಫೋರ್‌ಸ್ಕ್ವೇರನ್ನು ನೋಡಿರಿ. 1926ರಲ್ಲಿ ರಮ್ ವ್ಯಾಪಾರಕ್ಕಿಳಿದ ಸೀಲ್ ಎಂಬ ಸ್ಥಳೀಯ ಮನೆತನ 1990ರ ದಶಕದ ನಡುವೆ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯೊಂದನ್ನು ಕೊಂಡು ಭಟ್ಟಿ ಮಾಡಿತು. ಇಂದು ಅದರ ರಮ್ಮಿಗಾಗಿ ದೂರದೂರದ ದೇಶಗಳಲ್ಲಿ ಜನ ಸರದಿ ನಿಲ್ಲುತ್ತಾರೆ. ಮಾಗಿಸುವುದೂ ಅಲ್ಲೇ, ಸೀಸೆ ತುಂಬುವುದೂ ಅಲ್ಲೇ. ಸೀಲ್ ಮನೆತನವೂ ಬಂಡವಾಳಗಾರರೇ, ಅವರ ಭಟ್ಟಿ ಧರ್ಮಛತ್ರವಲ್ಲ. ಅಲ್ಲಿನ ಆಳಿಗೂ ಯೂನಿಯನ್ ಬೇಕು. ಆದರೆ ವಿದ್ಯೆ, ಹಣ, ಪೇಟೆ ಮೂರೂ ಕಡಲಾಚೆಯಿಂದಲೇ ಬರಬೇಕೆಂಬ ಗುಲಾಮಬುದ್ಧಿಗೆ ಅದೊಂದು ಕಪಾಳಮೋಕ್ಷ.

ಎರಡನೆಯವರು ಸಂಯಮದ ಉಪದೇಶಕರು. ‘ಹೆಂಡದ ಕಥೆಗೆ ಇಷ್ಟು ಕಣ್ಣೀರೇಕೆ? ಕುಡಿತವೇ ಪಾಪ, ಉದ್ಯಮ ಮುಳುಗಲಿ’ ಎನ್ನುತ್ತಾರೆ. ಕುಡಿತ ದುಡಿಯುವವನ ಮನೆಗೆ ಹಚ್ಚುವ ಬೆಂಕಿಯನ್ನು ನಾವು ಅವರಿಗಿಂತ ಹತ್ತಿರದಿಂದ ಕಂಡಿದ್ದೇವೆ. ಸಂಬಳದ ದಿನ ಗೇಟಿನ ಹೊರಗೆ ಮಗುವನ್ನೆತ್ತಿಕೊಂಡು ನಿಂತ ತಾಯಂದಿರನ್ನು ಕಂಡಿದ್ದೇವೆ. ಆದರೆ ಗುಟುಕನ್ನು ಕೂಲಿಯ ಜಾಗದಲ್ಲಿ ಕೊಟ್ಟು ಕಲಿಸಿದವನು ಯಾರು? ದಣಿದ ಮೈಗೆ ಬೇರೆ ವಿಶ್ರಾಂತಿ ಇಲ್ಲದಂತೆ ಮಾಡಿದವನು ಯಾರು? ಕುಡಿದವನಿಗೆ ನೀತಿಪಾಠ, ಕುಡಿಸಿ ಕೋಟಿ ಎಣಿಸಿದವನಿಗೆ ಸಭೆಯಲ್ಲಿ ಹಾರ, ಇದು ನೀತಿಯಲ್ಲ. ಭಟ್ಟಿಯ ಲೆಕ್ಕ ಕೇಳದ ಪಾನನಿರೋಧ ಬಡವನ ಬೆನ್ನಿಗೆ ಇನ್ನೊಂದು ಚಾಟಿ ಅಷ್ಟೆ.

ಗೆರೆಯನ್ನು ನೋಡಬೇಡಿ, ಗೆರೆ ಎಳೆದವನನ್ನು ನೋಡಿ

ಮೂರೂ ಮುಕ್ಕಾಲು ಶತಮಾನದ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದರೆ ಕಾಣುವುದಿಷ್ಟು. ಪಾನೀಯ ಮೊದಲು ಮನೆಯ ಮಡಕೆಯಲ್ಲಿತ್ತು. ಅಲ್ಲಿಂದ ತೋಟದ ಭಟ್ಟಿಗೆ, ಭಟ್ಟಿಯಿಂದ ಬ್ರಾಡ್ ಸ್ಟ್ರೀಟಿನ ಗೋದಾಮಿಗೆ, ಗೋದಾಮಿನಿಂದ ಫ್ರಾನ್ಸ್, ಲಂಡನ್, ಬ್ರೆಜಿಲ್‌ಗಳ ಲೆಕ್ಕದ ಪುಸ್ತಕಕ್ಕೆ ಹೋಯಿತು. ಪ್ರತಿ ಮೆಟ್ಟಿಲಿನಲ್ಲೂ ಸೀಸೆಯ ಬೆಲೆ ಏರಿತು. ಪ್ರತಿ ಮೆಟ್ಟಿಲಿನಲ್ಲೂ ದುಡಿದವನ ಪಾಲು, ಮಾರಿದವನ ಪಾಲು ಕುಗ್ಗಿತು. 2021ರ ನವೆಂಬರ್ 30ರಂದು ಬಾರ್ಬಡೋಸ್ ಬ್ರಿಟಿಷ್ ರಾಣಿಯನ್ನು ಕೈಬಿಟ್ಟು ಗಣರಾಜ್ಯವಾಯಿತು. ನಾವು ಮನಸಾರೆ ಸಂತೋಷಪಟ್ಟೆವು. ಆದರೆ ಸಿಂಹಾಸನದ ರಾಣಿಯನ್ನು ಇಳಿಸುವುದು ಸುಲಭ, ಷೇರುಪೇಟೆಯ ರಾಜರನ್ನು ಇಳಿಸುವುದು ಕಷ್ಟ.

ಅಲ್ಲಿನ ದುಡಿಯುವ ಜನ ಕೇಳಬೇಕಾದದ್ದು ಸ್ಪಷ್ಟ. ದ್ವೀಪದ ಹೆಸರು ಹೊತ್ತ ಮದ್ಯ ದ್ವೀಪದಲ್ಲೇ ಮಾಗಬೇಕು, ಅಲ್ಲೇ ಸೀಸೆ ತುಂಬಬೇಕು. ಸ್ಥಳೀಯ ಕಬ್ಬಿಗೆ ರಮ್ಮಿನ ಬೆಲೆಗೆ ತಕ್ಕ ಬೆಲೆ ಸಿಗಬೇಕು. ಅಮೆರಿಕದ ತೆರಿಗೆಯ ಕಳ್ಳಾಟ ನಿಲ್ಲಬೇಕು. ಹೆಸರಿನಿಂದ ಬಂದ ಲಾಭದಲ್ಲಿ ಭಟ್ಟಿಯ ಆಳಿಗೂ ರಮ್ ಶಾಪಿನ ಅಂಗಡಿಯವನಿಗೂ ಪಾಲು ಬೇಕು.

ನಮಗೇನು ಪಾಠ? ಒಂದು ಕಾಲಕ್ಕೆ ಹತ್ತಿಯನ್ನು ಮಣಲೆಕ್ಕದಲ್ಲಿ ಮಾರಿ, ಅದೇ ಹತ್ತಿಯ ಬಟ್ಟೆಯನ್ನು ಗಜಲೆಕ್ಕದಲ್ಲಿ ಮ್ಯಾಂಚೆಸ್ಟರಿನಿಂದ ಕೊಂಡ ನಾಡು ನಮ್ಮದು. ಕಾಕಂಬಿಯ ಕಥೆ ನಮಗೆ ಹೊಸದಲ್ಲ. ನಾಳೆ ಯಾರಾದರೂ ನಿಮ್ಮ ಮುಂದೆ ಏರುವ ಗೆರೆಯ ಪಟವನ್ನು ಹಿಡಿದು, ಉತ್ಪಾದನೆ ಹೆಚ್ಚಿತು, ಚಪ್ಪಾಳೆ ತಟ್ಟಿ ಎಂದರೆ, ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಮೂರು ಪ್ರಶ್ನೆ ಕೇಳಿರಿ. ಕಚ್ಚಾ ಮಾಲು ಯಾರದು? ಯಂತ್ರ ಯಾರದು? ಹೆಸರು ಯಾರದು?

ಮೂರಕ್ಕೂ ‘ನಿಮ್ಮದು’ ಎಂದು ಉತ್ತರ ಬಂದ ದಿನ ಚಪ್ಪಾಳೆ ತಟ್ಟೋಣ.